ನಲವತ್ತು ಎಡಗೈ

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಜನಗಣತಿಯವಳು ಬಂದಿದ್ದಳು. ಮನೆಯಲ್ಲಿ ಎಷ್ಟು ತಲೆ, ಎಷ್ಟು ಕೋಣೆ, ನಲ್ಲಿ ಒಳಗೋ ಹೊರಗೋ, ಎಲ್ಲ ಕೇಳಿ ಬರೆದುಕೊಂಡಳು. ತಂಗಿ ಬಸ್ ಕಂಡಕ್ಟರ್. ಅವಳ ಗಂಡ ಮುಂದಿನ ಕೋಣೆಯಲ್ಲೇ ಕ್ಷೌರದ ಅಂಗಡಿ ಇಟ್ಟಿದ್ದಾನೆ. ಅವರಿಬ್ಬರದೂ ಸರಾಗವಾಗಿ ಮುಗಿಯಿತು. ಆಮೇಲೆ ನನ್ನ ಸರದಿ. ವಯಸ್ಸು ಐವತ್ತೈದು, ಮದುವೆ ಆಗಿಲ್ಲ.

"ಉದ್ಯೋಗ?"

ಅಂಗಡಿಯಿಂದ ತಂಗಿಯ ಗಂಡನ ದನಿ ಬಂತು: "ಸುಮ್ನಿದಾರೆ ಅಂತ ಬರ್ಕೊಳಮ್ಮಾ!" ಕುರ್ಚಿಯಲ್ಲಿದ್ದ ಗಿರಾಕಿ ಕಿಸಕ್ಕನೆ ನಕ್ಕ. ನಕ್ಕಿದ್ದಕ್ಕೆ ಕೆನ್ನೆಗೆ ಕತ್ತಿ ತಾಗಿ "ಸ್ಸ್" ಅಂದ. ನನಗೆ ಒಂದು ಚೂರು ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

ಆ ಹುಡುಗಿ ಒಳ್ಳೆಯವಳು. ಹಾಗೆ ಬರೆಯಲಿಲ್ಲ. ಉದ್ಯೋಗ ಅನ್ನುವ ಮನೆಯಲ್ಲಿ ಸುಮ್ಮನೆ ಒಂದು ಗೆರೆ ಎಳೆದಳು.

ಗೆರೆ ಕಂಡರೆ ಅದರ ಮೇಲೆ ಕತ್ತರಿ ನಡೆಸಬೇಕು ಅನ್ನುವುದು ನನ್ನ ಕೈಗೆ ಅಂಟಿದ ಚಟ. ಇಪ್ಪತ್ತಾರು ವರ್ಷ ಅಂಗಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದವಳು ನಾನು. ದಾರದ ತುದಿ ಕೀಳುವ ಕೆಲಸಕ್ಕೆ ಸೇರಿ, ಯಾರೂ ಕಲಿಸದೆ, ನೋಡಿ ನೋಡಿಯೇ ಕತ್ತರಿ ಮೇಜಿಗೆ ಬಂದೆ. ಅಕ್ಷರ ಕಲಿತದ್ದೂ ಹಾಗೇ, ಬಟ್ಟೆ ಮೂಟೆಯ ಮೇಲಿನ ಚೀಟಿ ಓದಿ ಓದಿ. ಕಾರ್ಖಾನೆ ಬಾಗಿಲು ಹಾಕಿ ಮೂರು ವರ್ಷ ನಾಲ್ಕು ತಿಂಗಳಾಯಿತು. ಇವತ್ತು ಆ ಗೆರೆಯ ಮೇಲೆ ಕತ್ತರಿ ಆಡಿಸಿದರೆ ಹಾಳೆಯಿಂದ ಕೆಳಗೆ ಬೀಳುವವಳು ನಾನೇ.

ಮೊದಲೆಲ್ಲ ನೆಂಟರಿಗೆ ಉದ್ದುದ್ದ ಕಾಗದ ಬರೆಯುತ್ತಿದ್ದೆ. ನನ್ನ ಕಾಗದ ಬಂದರೆ ಪಕ್ಕದ ಮನೆಯವರನ್ನೂ ಕರೆದು ಓದುತ್ತಿದ್ದೆವು ಅಂತ ಚಿಕ್ಕಮ್ಮ ಹೇಳುತ್ತಿದ್ದಳು. ಈಗ ಬರೆದರೆ ಮಾರುತ್ತರದ ಕೊನೆಗೆ "ಕೆಲಸ ಏನಾಯ್ತು?" ಅಂತ ಒಂದು ಸಾಲು ಇದ್ದೇ ಇರುತ್ತದೆ. ಅದಕ್ಕೇ ಈ ಪುಸ್ತಕ ತೆಗೆದೆ. ಕಾರ್ಖಾನೆ ಮುಚ್ಚಿದ ದಿನ ಎತ್ತಿಕೊಂಡು ಬಂದ, ಕತ್ತರಿ ಮೇಜಿನ ಲೆಕ್ಕದ ಪುಸ್ತಕ. ಪ್ರತಿ ಹಾಳೆಯಲ್ಲೂ ಬಣ್ಣ, ಪದರ, ತುಂಡು ಅಂತ ಮೂರು ಮನೆ ಅಚ್ಚಾಗಿವೆ. ಮೂರನ್ನೂ ದಾಟಿಕೊಂಡು ಅಡ್ಡಡ್ಡ ಬರೆಯುತ್ತಿದ್ದೇನೆ. ಇದಕ್ಕೆ ಮಾರುತ್ತರದ ಹಂಗಿಲ್ಲ.

ಮಾರ್ಚ್ ೬, ಗುರುವಾರ

ಎಂಟೂವರೆಗೆ ಎದ್ದೆ. ಬೇಗ ಎದ್ದರೆ ಹಗಲು ಉದ್ದವಾಗುತ್ತದೆ.

ಮಧ್ಯಾಹ್ನ ಕೈ ಬಹಳ ತುರಿಸಿತು. ಹಳೇ ಪರದೆ ಒಂದು ಇದೆಯಲ್ಲ, ಒರೆಸುವ ಬಟ್ಟೆಯಾದರೂ ಆಗಲಿ ಅಂತ ಕತ್ತರಿ ಹೊರತೆಗೆದೆ. ಅಚ್ಚುಕಟ್ಟಾಗಿ ಹನ್ನೆರಡು ಚೌಕ, ಒಂದರ ಮೇಲೊಂದು ಇಟ್ಟರೆ ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಸಂಜೆ ತಂಗಿ ಕೆಲಸದಿಂದ ಬಂದವಳು ಬೋಳು ಕಿಟಕಿ ನೋಡಿ ಚೀಲವನ್ನೂ ಇಳಿಸದೆ ನಿಂತಳು.

"ಅಕ್ಕಾ, ಹಳೇ ಪರದೆ ಪೆಟ್ಟಿಗೇಲಿತ್ತು. ಇದು ಮೊನ್ನೆ ಒಗೆದು ಹಾಕಿದ್ದು."

"ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ," ಅಂದ ಅವಳ ಗಂಡ. "ಈ ಮನೇಲಿ ಎರಡು ಕತ್ತರಿ. ನಂದು ದಿನಾ ಡ್ಯೂಟಿಗೆ ಹೋಗುತ್ತೆ. ಅಕ್ಕಂದು ಪಿಂಚಣಿ ತಗೊಳ್ತಿದೆ."

ತಂಗಿ ನಗಲಿಲ್ಲ. ನಗುವನ್ನು ನುಂಗಿಕೊಂಡದ್ದು ಮಾತ್ರ ಕಾಣಿಸಿತು. ನಕ್ಕಿದ್ದರೇ ಚೆನ್ನಾಗಿತ್ತು.

ಈಗ ಬೀದಿಯವರಿಗೆಲ್ಲ ನಮ್ಮ ಕೋಣೆ ಕಾಣುತ್ತದೆ. ನೋಡಲಿ. ಸುಮ್ಮನೆ ಕೂತವಳೊಬ್ಬಳು ಕಾಣುತ್ತಾಳೆ.

ಮಾರ್ಚ್ ೭, ಶುಕ್ರವಾರ

ಏನೂ ಇಲ್ಲ.

ಮಾರ್ಚ್ ೧೧, ಮಂಗಳವಾರ

ಮೇಲಿನಂತೆಯೇ.

ಮಾರ್ಚ್ ೧೬, ಭಾನುವಾರ

ಗುಂಡಿ ಬಂದಿದ್ದಳು. ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹಚ್ಚುತ್ತಿದ್ದವಳು, ಕೊನೆಗೆ ಅದೇ ಹೆಸರಾಯಿತು. ಈಗ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ.

"ಅಲ್ಲೊಂದು ಹೊಲಿಗೆ ಕೋಣೆ ಇದೆ ಕಣೆ. ಹರಿದ ಹೊದಿಕೆ, ರೋಗಿಗಳ ಅಂಗಿ, ಎಲ್ಲಾ ಅಲ್ಲೇ. ಹೊಲಿಯೋಳು ಇದಾಳೆ, ಕತ್ತರಿಸೋಕೆ ಗತಿ ಇಲ್ಲ. ನಿನ್ನ ವಿಷಯ ಹೇಳ್ಬಿಟ್ಟಿದೀನಿ."

"ನನ್ನನ್ನ ಕೇಳ್ದೆ ಯಾಕೆ ಹೇಳ್ದೆ?"

"ಕೇಳಿದ್ರೆ ಬೇಡ ಅಂತಿದ್ದೆ."

"ಬೇಡ," ಅಂದೆ.

"ನೋಡಿದ್ಯಾ!" ಅಂತ ಟೀ ಕುಡಿದು, ಒಂದು ಚೀಟಿಯಲ್ಲಿ ಆಸ್ಪತ್ರೆಯ ಬಾಗಿಲ ನಂಬರು ಬರೆದಿಟ್ಟು ಹೋದಳು.

ಅವಳು ಹೋದ ಮೇಲೆ ತಂಗಿ ಬಟ್ಟೆ ಮಡಿಸುತ್ತಾ ಶುರುಮಾಡಿದಳು. "ಬೇಕರೀಲಿ ನಾಲ್ಕು ದಿನ. ಆ ಟೈಲರ್ ಅಂಗಡೀಲಿ ಒಂಬತ್ತು ದಿನ. ಎರಡು ಕಡೇನೂ ನಿನ್ನ ಯಾರೂ ಹೋಗು ಅನ್ಲಿಲ್ಲ. ನಿನ್ನ ಕೆಲಸ ಹೋಗಿದ್ದು ಒಂದೇ ಸಲ ಅಕ್ಕ. ಆಮೇಲೆಲ್ಲ ನೀನೇ ಬಿಟ್ಟಿದ್ದು."

"ನಿಂಗೇನು ಗೊತ್ತು?"

"ನಂಗೆ ಗೊತ್ತಿರೋದು ಬಸ್ಸು. ದಿನಕ್ಕೆ ನೂರು ಸಲ ಬಡ್ಕೊಳ್ತೀನಿ, ಬಾಗಿಲಲ್ಲೇ ನಿಲ್ಬೇಡಿ, ಒಳಗೆ ಜಾಗ ಇದೆ ಅಂತ. ಮನೇಗೆ ಬಂದೂ ಅದನ್ನೇ ಹೇಳ್ಬೇಕಾ?"

ಅವಳಿಗೆ ಹೇಗೆ ಹೇಳಲಿ. ಬೇಕರಿಯಲ್ಲಿ ಒಂದು ದಿನ ಪೊಟ್ಟಣಗಳಿಗೆಲ್ಲ ನಿನ್ನೆಯ ತಾರೀಖಿನ ಚೀಟಿ ಅಂಟಿಸಿದೆ. ಅವರು ಬೈಯಲಿಲ್ಲ. ಆದರೆ ಆಮೇಲೆ ನಾನು ಮಾಡಿದ್ದನ್ನೆಲ್ಲ ಇನ್ನೊಬ್ಬರು ತಿರುಗಿಸಿ ನೋಡುವುದಕ್ಕೆ ಶುರುಮಾಡಿದರು. ಹೋಗು ಅನ್ನಿಸಿಕೊಳ್ಳುವುದಕ್ಕೆ ಮೊದಲೇ ಹೋದರೆ ಅದೊಂದು ಮರ್ಯಾದೆ ಅನ್ನಿಸಿತು. ಒಂದು ಸಲ ಬಾಗಿಲು ಮುಖಕ್ಕೇ ಮುಚ್ಚಿಕೊಂಡರೆ, ಆಮೇಲೆ ಗಾಳಿಗೆ ಅಲುಗಿದ ಬಾಗಿಲು ಕಂಡರೂ ಎದ್ದು ನಿಲ್ಲುವ ಹಾಗಾಗುತ್ತದೆ.

ಮಾರ್ಚ್ ೨೪, ಸೋಮವಾರ

ಹೋದೆ. ಯಾಕೆ ಹೋದೆ ಅಂದರೆ, ಇವತ್ತು ನಲ್ಲಿ ರಿಪೇರಿಯವನು ಬಂದು ಮನೆಯಲ್ಲಿ ಸದ್ದು. ಬೇರೆ ಕಾರಣ ಏನಿಲ್ಲ.

ಹೊಲಿಗೆ ಕೋಣೆ ನೆಲಮಾಳಿಗೆಯಲ್ಲಿದೆ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕ. ಗೋಡೆಯ ಮೇಲ್ತುದಿಯಲ್ಲಿ ಉದ್ದನೆಯ ಕಿಟಕಿ. ಅದರಲ್ಲಿ ದಾರಿಹೋಕರ ಕಾಲು ಮಾತ್ರ ಕಾಣುತ್ತವೆ. ಮೇಜು ಚೆನ್ನಾಗಿದೆ. ಒಂದು ಕಾಲು ಗಿಡ್ಡ, ಅಡಿಗೆ ಔಷಧಿ ಡಬ್ಬದ ಮುಚ್ಚಳ ಕೊಟ್ಟಿದ್ದಾರೆ.

ಇದಕ್ಕೆಲ್ಲ ಮೇಲಿನವರು ಒಬ್ಬ ಹಿರಿಯ ನರ್ಸು. ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಾರೆ. ಸಣ್ಣ ಆಳು, ಹೆಗಲಿಗಿಂತ ಕನ್ನಡಕ ಅಗಲ. ಕಾರ್ಖಾನೆ ಮುಚ್ಚಿದ್ದು ಯಾವಾಗ ಅಂತ ಕೇಳಿದರು. ಹೇಳಿದೆ.

"ಆಮೇಲೆ ಈ ಮೂರು ವರ್ಷ ಏನು ಮಾಡ್ತಿದ್ರಿ?"

"ಸುಮ್ನಿದ್ದೆ ಸಿಸ್ಟರ್."

"ಅದು ಕಷ್ಟ," ಅಂದರು. ಅಷ್ಟೇ ಅಂದದ್ದು. ನಕ್ಕಿದ್ದರೆ ಎದ್ದು ಬರುತ್ತಿದ್ದೆ.

ಒಂದು ತಿಂಗಳು ನೋಡುತ್ತಾರಂತೆ. ಸರಿಹೋದರೆ ಕಾಯಂ, ಇಲ್ಲದಿದ್ದರೆ ಇಲ್ಲ. ಮುಂದಿನ ತಿಂಗಳ ಇಪ್ಪತ್ತನಾಲ್ಕಕ್ಕೆ ತಿಂಗಳು ತುಂಬುತ್ತದೆ. ಮನೆಯಲ್ಲಿ ಹೇಳಿದೆ. ತಂಗಿ ಕಣ್ಣು ಒರೆಸಿಕೊಂಡಳು, ಈರುಳ್ಳಿ ಹೆಚ್ಚುತ್ತಿದ್ದಳು.

ಮಾರ್ಚ್ ೨೫, ಮಂಗಳವಾರ

ಬೆಳಿಗ್ಗೆ ಹಾಸಿಗೆ ಪಕ್ಕದಲ್ಲಿ ನನ್ನ ಕತ್ತರಿ ಇತ್ತು. ಯಾವಾಗಲೂ ಸುತ್ತಿಡುವ ಎಣ್ಣೆ ಚಿಂದಿಯಲ್ಲಲ್ಲ, ಅಂಗಡಿಯ ಬಿಳಿ ಟವೆಲಿನಲ್ಲಿ. ಅಲಗು ಮಿಂಚುತ್ತಿತ್ತು.

"ಇದಕ್ಕೆ ಸಾಣೆ ಯಾರು ಹಿಡಿಸಿದ್ದು?"

ತಂಗಿಯ ಗಂಡ ಕನ್ನಡಿ ಒರೆಸುತ್ತಿದ್ದವನು ತಿರುಗಲಿಲ್ಲ. "ಸಾಣೆಯವನು ಬೀದೀಲಿ ಹೋಗ್ತಿದ್ದ. ನಂದರ ಜೊತೆ ನಿಮ್ದೂ ಕೊಟ್ಟೆ."

"ಯಾಕೆ?"

"ಸುಮ್ನೆ."

ಪುಣ್ಯಾತ್ಮ ಕೂದಲು ಕತ್ತರಿಸುವ ಕತ್ತರಿಗೆ ಹಿಡಿಯುವ ಹಾಗೆ ತೆಳ್ಳಗೆ ಹಿಡಿದಿದ್ದಾನೆ. ದಪ್ಪ ಬಟ್ಟೆಗೆ ಎಷ್ಟು ದಿನ ತಡೆಯುತ್ತದೋ. ಆದರೂ ಓಡುತ್ತದೆ.

ಏಪ್ರಿಲ್ ೨, ಬುಧವಾರ

ಕಾಲು ಮರಗಟ್ಟಿ ಹೋಗಿದೆ. ಮೂರು ವರ್ಷ ಕೂತ ಕಾಲು, ಈಗ ನಿಲ್ಲು ಅಂದರೆ ಎಲ್ಲಿ ಕೇಳುತ್ತದೆ.

ಜೊತೆಯಲ್ಲಿ ಮಿಷನ್ ತುಳಿಯುವವಳಿಗೆ ನಾನು ರೇಡಿಯೋ ಅಂತ ಹೆಸರಿಟ್ಟಿದ್ದೇನೆ, ಬಾಯಿಬಿಟ್ಟು ಕರೆದಿಲ್ಲ. ಅತ್ತೆ, ನಾದಿನಿ, ಹಲ್ಲುನೋವು, ಪಕ್ಕದ ಮನೆಯ ಬೆಕ್ಕು, ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ಆರಿಸುವ ಗುಂಡಿಯನ್ನು ಮಾತ್ರ ದೇವರು ಇಟ್ಟಿಲ್ಲ. ಬೆಕ್ಕಿಗೆ ಮೂರು ಮರಿಯಂತೆ, ಒಂದು ಇನ್ನೂ ಕಣ್ಣು ಬಿಟ್ಟಿಲ್ಲವಂತೆ. ನಾಳೆ ಕೇಳಬೇಕು.

ಇವತ್ತು ಹೊದಿಕೆ ಕತ್ತರಿಸಿದೆ. ಹೊದಿಕೆಗೆ ಏನಿದೆ, ನಾಲ್ಕು ಮೂಲೆ. ಅದರಲ್ಲಿ ತಪ್ಪು ಮಾಡುವುದಕ್ಕೂ ಜಾಗ ಇಲ್ಲ.

ಏಪ್ರಿಲ್ ೧೦, ಗುರುವಾರ

ಬರೆದೇಬಿಡುತ್ತೇನೆ.

ರೋಗಿಗಳ ಇಪ್ಪತ್ತು ಅಂಗಿಗೆ ಹೊಸ ಬಟ್ಟೆ ಬಂದಿತ್ತು. ನೀಲಿ ಪಟ್ಟೆ. ಮುಖದ ಕಡೆ ಗಾಢ, ಬೆನ್ನಿನ ಕಡೆ ತೊಳೆದುಹೋದ ಹಾಗೆ ಮಂಕು. ಅಳೆದು ತಂದ ಬಟ್ಟೆ, ಒಂದು ಗೇಣೂ ಹೆಚ್ಚಿಲ್ಲ. ಐದೈದು ಪದರದ ಹಾಗೆ ನಾಲ್ಕು ಸಲ ಹಾಸಿದೆ, ಎಲ್ಲವೂ ಮುಖ ಮೇಲೆ. ಕಾರ್ಖಾನೆಯ ಪದ್ಧತಿಯೇ ಅದು. ಅಲ್ಲಿ ಬಟ್ಟೆಯ ಮೇಲೆ ಹಾಸುವ ಕಾಗದದಲ್ಲಿ ಎಡತೋಳು, ಬಲತೋಳು ಎರಡೂ ಬರೆದೇ ಬರುತ್ತಿತ್ತು. ಗೆರೆ ಹಿಡಿದು ಹೋದರೆ ಮುಗಿಯಿತು. ಇಲ್ಲಿ ಇರುವುದು ರಟ್ಟಿನ ಒಂದೇ ಒಂದು ತೋಳು. ಅದನ್ನಿಟ್ಟು ಒಂದು ಸಲ ಗೆರೆ ಎಳೆದು, ಆಮೇಲೆ ರಟ್ಟನ್ನು ಮಗುಚಿ ಹಾಕಿ ಇನ್ನೊಂದು ಸಲ ಎಳೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದವರಿಗೂ ಗೊತ್ತಿರುವ ಮಾತು.

ನಾನು ಮಗುಚಲಿಲ್ಲ. ನಾಲ್ಕು ಸಲಕ್ಕೆ ನಾಲ್ಕು ಸಲವೂ ಮಗುಚಲಿಲ್ಲ. ಕೈಗೆ ಏನು ಅವಸರ ಬಂದಿತ್ತೋ. ಚೆನ್ನಾಗಿ ಓಡುತ್ತಿತ್ತು ಕತ್ತರಿ, ಅದೇ ಖುಷಿಯಲ್ಲಿದ್ದೆ.

ರೇಡಿಯೋ ಮೊದಲನೆಯ ಅಂಗಿಗೆ ತೋಳು ಕೂಡಿಸಲು ಹೋದವಳು ತಿರುಗಿಸಿದಳು, ಮತ್ತೆ ತಿರುಗಿಸಿದಳು. "ಇದೇನ್ ಅಕ್ಕಾ, ಈ ರೋಗಿಗೆ ಎರಡೂ ಎಡಗೈನಾ?" ಅಂತ ನಕ್ಕಳು. ಮುಂದಿನ ಜೋಡಿ ತೆಗೆದಳು. ಅದರ ಮುಂದಿನದು. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಲವತ್ತು ತೋಳು. ನಲವತ್ತೂ ಎಡಗೈ.

ಎರಡೂ ಬದಿ ಒಂದೇ ಇರುವ ಬಟ್ಟೆಯಾಗಿದ್ದರೆ ಅರ್ಧದಷ್ಟು ತೋಳುಗಳನ್ನು ಒಳಹೊರಗು ಮಾಡಿ ಹೊಲಿದರೆ ಬಲಗೈ ಆಗುತ್ತದೆ, ದೇವರಿಗೂ ಗೊತ್ತಾಗುವುದಿಲ್ಲ. ಈ ಬಟ್ಟೆಗೆ ಮುಖ ಇದೆ. ಒಳಹೊರಗು ಮಾಡಿದರೆ ಎಡತೋಳು ಗಾಢ, ಬಲತೋಳು ಮಂಕು. ಕುರುಡರಿಗೂ ಕಾಣುವ ತಪ್ಪು.

ಯಾರಿಗೂ ಹೇಳದೆ ಕತ್ತರಿಯನ್ನು ಟವೆಲಿಗೆ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಂದೆ. ಮನೆಯಲ್ಲೂ ಹೇಳಿಲ್ಲ. ಇಪ್ಪತ್ತಾರು ವರ್ಷ ಅಂತ ಹೇಳಿಕೊಳ್ಳುವುದಕ್ಕೆ ಇನ್ನು ನಾಚಿಕೆ. ಕೈಯೂ ನನ್ನನ್ನು ಬಿಟ್ಟುಹೋಗಿದೆ.

ಏಪ್ರಿಲ್ ೧೧, ಶುಕ್ರವಾರ

ಬೆಳಿಗ್ಗೆ ಎಂದಿನಂತೆ ಹೊರಟೆ. ಹೊರಡದಿದ್ದರೆ ಕಾರಣ ಹೇಳಬೇಕಲ್ಲ. ಆಸ್ಪತ್ರೆಗೆ ಹೋಗುವುದು ತಂಗಿಯ ಬಸ್ಸಿನಲ್ಲೇ. ಕಿಟಕಿ ಪಕ್ಕ ಕೂತೆ. ಕೊನೆಯ ಸ್ಟಾಪಿನವರೆಗೂ ಹೋಗಿ, ಅಲ್ಲಿ ಎಲ್ಲಾದರೂ ಸಂಜೆವರೆಗೆ ಕೂತು ಬರುವುದು ಅಂತ ಮನಸ್ಸಿನಲ್ಲಿತ್ತು. ಬೇಕರಿ ಬಿಟ್ಟಾಗಲೂ ಎರಡು ದಿನ ಹಾಗೇ ಮಾಡಿದ್ದೆ.

ಆಸ್ಪತ್ರೆ ಸ್ಟಾಪು ಬಂತು. ಇಳಿಯುವವರು ಇಳಿದರು. ನಾನು ಹೊರಗಡೆ ನೋಡುತ್ತಾ ಕೂತೆ. ಬಸ್ಸು ಹೊರಡಲಿಲ್ಲ. ಡ್ರೈವರು ಹಿಂದೆ ತಿರುಗಿ, "ಏನಮ್ಮಾ, ರೈಟ್ ಅನ್ನಲ್ವಾ?" ಅಂದ.

ತಂಗಿ ಸೀಟುಗಳ ನಡುವೆ ನಡೆದು ಬಂದು ನನ್ನ ಪಕ್ಕ ನಿಂತಳು. ನನ್ನ ಮುಖ ನೋಡಿದಳು, ಚೀಲ ನೋಡಿದಳು. ಕತ್ತರಿಯ ಹಿಡಿ ಹೊರಗೆ ಇಣುಕುತ್ತಿತ್ತು. ಅಕ್ಕ ಅನ್ನಲಿಲ್ಲ.

"ನಿಮ್ಮ ಟಿಕೆಟ್ ಇಲ್ಲಿವರೆಗೆ ಮಾತ್ರ ಅಮ್ಮ. ಇಳೀರಿ."

"ಮುಂದಿಂದೂ ಕೊಡು."

"ಮುಂದಿನ ಟಿಕೆಟ್ ಮುಗಿದಿದೆ."

ಹಿಂದಿನಿಂದ ಯಾರೋ, "ಬೇಗ ಇಳೀರಿ ತಾಯಿ, ನಮಗೂ ಕೆಲಸ ಇದೆ," ಅಂದರು. ನಮಗೂ ಅಂದರು. ನನಗೆ ಇದೆ ಅಂತ ಅವರು ತಿಳಿದಿದ್ದರು.

ಇಳಿದೆ. ಇಳಿದ ಮೇಲೆ ಬೇರೆ ಎಲ್ಲಿ ಹೋಗುವುದು. ನೇರ ದೊಡ್ಡ ಸಿಸ್ಟರ್ ಹತ್ತಿರ ಹೋಗಿ ಹೇಳಿದೆ. ಎರಡು ತೋಳು ತಂದು ಮೇಜಿನ ಮೇಲೆ ಇಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ನಿನ್ನೇನೇ ಯಾಕೆ ಹೇಳಲಿಲ್ಲ?"

"ನಿನ್ನೆ ಮನೆಗೆ ಓಡಿಹೋದೆ ಸಿಸ್ಟರ್."

"ಇವತ್ತು ಹೇಗೆ ಬಂದ್ರಿ?"

"ಬಸ್ಸಿಂದ ಇಳಿಸಿದ್ರು."

ತುಟಿ ಸ್ವಲ್ಪ ಅಲುಗಿತು, ನಗುವೋ ಸಿಟ್ಟೋ. "ಬೇರೆ ಬಟ್ಟೆ ತರಿಸೋಕೆ ಆಗಲ್ಲ. ಒಳಹೊರಗು ಮಾಡೇ ಹೊಲೀರಿ. ರೋಗಿಗಳು ಏನು ಮೆರವಣಿಗೆ ಹೋಗ್ತಾರಾ? ಉಳಿದಿದ್ದು ಇಪ್ಪತ್ತನಾಲ್ಕಕ್ಕೆ ಮಾತಾಡೋಣ."

ಉಳಿದಿದ್ದು ಅಂದರೆ ನಾನು. ಇನ್ನು ಹದಿಮೂರು ದಿನ.

ರಾತ್ರಿ ಊಟಕ್ಕೆ ಕೂತಾಗ ತಂಗಿ ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಬಡಿಸಿದಳು.

ಏಪ್ರಿಲ್ ೧೭, ಗುರುವಾರ

ಇಪ್ಪತ್ತೂ ಅಂಗಿ ಮುಗಿದವು. ಒಗೆಯುವ ಕಡೆಯವರು ಎತ್ತಿ ಎತ್ತಿ ತೋರಿಸಿ ನಕ್ಕರಂತೆ. ಗುಂಡಿ ಬಂದು ಹೇಳಿದಳು, "ಒಂದು ಕೈ ಅಣ್ಣಂದು, ಒಂದು ಕೈ ತಮ್ಮಂದು ಅಂತಿದಾರೆ ಕಣೆ." ರೇಡಿಯೋ ಅವರ ಮೇಲೆ ಏರಿಹೋದಳಂತೆ, "ನೀವು ಕತ್ತರಿಸ್ರೋ ನೋಡೋಣ" ಅಂತ. ಆ ಜಗಳವನ್ನು ನನಗೆ ಮೂರು ಸಲ ಹೇಳಿದಳು, ಪ್ರತಿ ಸಲವೂ ಅವಳ ಕಡೆಯ ಮಾತು ಉದ್ದವಾಗುತ್ತಿತ್ತು.

ಸುಸ್ತು. ರಟ್ಟಿನ ತೋಳಿನ ಒಂದು ಕಡೆ "ಎಡ", ಇನ್ನೊಂದು ಕಡೆ "ಬಲ" ಅಂತ ದೊಡ್ಡದಾಗಿ ಬರೆದಿಟ್ಟೆ. ನನ್ನ ನಂತರ ಬರುವವರಿಗಾದರೂ ಆಗಲಿ.

ಏಪ್ರಿಲ್ ೨೨, ಮಂಗಳವಾರ

ಹೆಂಗಸರ ಆಪರೇಷನ್ ವಾರ್ಡಿನಿಂದ ಒಬ್ಬ ನರ್ಸು ಮೆಟ್ಟಿಲಿಳಿದು ಬಂದಳು. ಅವಳ ಕೈಯಲ್ಲಿ ನನ್ನ ಅಂಗಿ. ನಾನು ಕತ್ತರಿ ಕೆಳಗಿಟ್ಟೆ.

"ಇದನ್ನ ಹೊಲಿದಿದ್ದು ಯಾರು?"

ರೇಡಿಯೋ ತಕ್ಷಣ, "ಹೊಲಿದಿದ್ದು ನಾನು," ಅಂದಳು. "ಕತ್ತರಿಸಿದ್ದು ನಾನು," ಅಂದೆ.

"ಇಂಥವು ಇನ್ನೂ ಇದಾವಾ?"

ಅವಳು ಹೇಳಿದ್ದು ಇಷ್ಟು. ಎದೆಯ ಆಪರೇಷನ್ ಆದ ಹೆಂಗಸರಿಗೆ, ಆಪರೇಷನ್ ಆದ ಕಡೆಯ ಕೈಗೆ ಸೂಜಿ ಚುಚ್ಚಬಾರದು, ರಕ್ತದೊತ್ತಡ ನೋಡುವ ಪಟ್ಟಿ ಕಟ್ಟಬಾರದು. ಮಂಚಕ್ಕೆ ಚೀಟಿ ಕಟ್ಟಿದರೆ ಬಿದ್ದುಹೋಗುತ್ತದೆ, ಹೊಸಬರು ಮರೆತು ಅದೇ ಕೈ ಹಿಡಿಯುತ್ತಾರೆ. ಬಲಗಡೆ ಆಪರೇಷನ್ ಆದ ಒಬ್ಬಾಕೆಗೆ ಆಕಸ್ಮಿಕವಾಗಿ ಈ ಅಂಗಿ ಸಿಕ್ಕಿದೆ. ಸೂಜಿ ಹಿಡಿದು ಬಂದವರಿಗೆಲ್ಲ ಆಕೆ, "ಮಂಕು ಕೈ ಮುಟ್ಟಬೇಡಿ, ಅದು ರಜದಲ್ಲಿದೆ," ಅಂದಳಂತೆ. ವಾರ್ಡಿನಲ್ಲಿ ಈಗ ಅದೇ ಮಾತಂತೆ.

"ಬಲಗಡೆಯವರಿಗೆ ಸಾಕಷ್ಟು ಎತ್ತಿಟ್ಕೊಂಡಿದೀವಿ. ಎಡಗಡೆಯವರಿಗೂ ಮಾಡ್ಕೊಡ್ತೀರಾ?"

ದೊಡ್ಡ ಸಿಸ್ಟರನ್ನು ಕೇಳಿ ಅಂದೆ. ಇನ್ನೆರಡು ದಿನ ಇರುವವಳು ನಾನು ಏನು ಅಂತ ಒಪ್ಪಿಕೊಳ್ಳಲಿ.

ರಜದಲ್ಲಿದೆ ಅಂದಳಂತೆ. ಅವಳು ಯಾರೋ, ಎಂಥ ಮಾತು.

ಏಪ್ರಿಲ್ ೨೪, ಗುರುವಾರ

ಬೆಳಿಗ್ಗೆ ಮೇಜು ಒರೆಸಿದೆ. ಚಾಕ್ ಚೂರುಗಳನ್ನು ಡಬ್ಬಕ್ಕೆ ಹಾಕಿದೆ. ಗಿಡ್ಡ ಕಾಲಿನ ಅಡಿಗೆ ರಟ್ಟು ಮಡಿಸಿ ಸರಿಮಾಡಿದೆ, ಈಗ ಅಲುಗುವುದಿಲ್ಲ. ಕತ್ತರಿಯನ್ನು ಟವೆಲಿಗೆ ಸುತ್ತಿಟ್ಟೆ. ಕೇಳಿಸಿಕೊಂಡೇ ಹೋಗುವುದು ಅಂತ ಕೂತೆ. ಈ ಸಲ ಮೊದಲೇ ಏಳಲಿಲ್ಲ.

ನಾಲ್ಕು ಗಂಟೆಗೆ ದೊಡ್ಡ ಸಿಸ್ಟರ್ ಬಂದರು. ಹಿಂದೆ ಗುಂಡಿ, ತಲೆ ಮೇಲೆ ನೀಲಿ ಪಟ್ಟೆಯ ಬಟ್ಟೆ ಹೊತ್ತುಕೊಂಡು.

"ಇದರಲ್ಲಿ ಇಪ್ಪತ್ತು. ಈ ಸಲ ಎಡತೋಳು ಮಂಕಾಗಿರಬೇಕು."

"ಸಿಸ್ಟರ್, ನನ್ನ ತಿಂಗಳು ಇವತ್ತಿಗೆ ಮುಗೀತು."

"ಯಾವ ತಿಂಗಳು?" ಅಂದರು. ಕನ್ನಡಕದ ಮೇಲಿನಿಂದ ಒಂದು ಕ್ಷಣ ನೋಡಿ, "ಸೋಮವಾರದೊಳಗೆ ಕತ್ತರಿಸಿ ಮುಗಿಸಿ," ಅಂತ ಹೇಳಿ ಮೆಟ್ಟಿಲು ಹತ್ತಿಹೋದರು.

ಗುಂಡಿ ಬಟ್ಟೆ ಇಳಿಸಿ, "ಬೇಡ ಅಂದಿದ್ಯಲ್ಲ!" ಅಂದಳು. ರೇಡಿಯೋ ಅಳುತ್ತಾ ಬೆಕ್ಕಿನ ಮರಿಯೊಂದನ್ನು ನನಗೇ ಕೊಡುತ್ತೇನೆ ಅನ್ನುತ್ತಿದ್ದಾಳೆ. ಮನೆಯಲ್ಲಿ ಒಪ್ಪಬೇಕು.

ಏಪ್ರಿಲ್ ೨೫, ಶುಕ್ರವಾರ

ಊಟಕ್ಕೆ ಕೂತಾಗ ಎಡಗೈ ಕತೆಯನ್ನೆಲ್ಲ ಹೇಳಿ, ಈ ಸಲ ಬೇಕಂತಲೇ ತಪ್ಪು ಮಾಡಬೇಕು, ನಲವತ್ತೂ ಬಲಗೈ ಕತ್ತರಿಸಿ ಅರ್ಧದಷ್ಟನ್ನು ಒಳಹೊರಗು ಮಾಡಬೇಕು ಅಂದೆ. ತಂಗಿ ತುತ್ತು ಬಾಯಿಗಿಡುವವಳು ನಿಲ್ಲಿಸಿದಳು.

"ಎಲ್ಲಾ ಬಲಗೈನಾ?"

"ಎಲ್ಲಾ."

ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದು ಕೂಗಿದಳು, "ರೈಟ್... ರೈಟ್!"

ಅವಳ ಗಂಡನಿಗೆ ನಗುತ್ತಾ ನಗುತ್ತಾ ನೀರು ನೆತ್ತಿಗೇರಿ, ನಾನೂ ಅವಳೂ ಸೇರಿ ಬೆನ್ನು ತಟ್ಟಬೇಕಾಯಿತು. ಸಾಣೆ ಮತ್ತೆ ಬೇಕು ಅಂದೆ, ಈ ಸಲ ದಪ್ಪ ಹಿಡಿಸು ಅಂತಲೂ ಹೇಳಿದೆ. "ಆಯ್ತು ಮೇಡಂ," ಅಂದ.

ಭಾನುವಾರ ಕಿಟಕಿಗೆ ಪರದೆ ಹೊಲಿಯಬೇಕು. ಬೀದಿಯವರು ನೋಡಿದ್ದು ಸಾಕು. ಚಿಕ್ಕಮ್ಮನಿಗೆ ಒಂದು ಕಾಗದ ಬರೆಯೋಣ ಅಂತ ಈ ಪುಸ್ತಕದ ಮಧ್ಯದ ಎರಡು ಹಾಳೆ ಕಿತ್ತಿಟ್ಟೆ. ಎರಡು ಸಾಲುವುದಿಲ್ಲವೇನೋ.

ಏಪ್ರಿಲ್ ೨೮, ಸೋಮವಾರ

ಬಣ್ಣ: ನೀಲಿ ಪಟ್ಟೆ.

ಪದರ: ಐದು, ನಾಲ್ಕು ಸಲ.

ತುಂಡು: ತೋಳು ನಲವತ್ತು. ಎಲ್ಲಾ ಬಲಗೈ. ಬೇಕಂತಲೇ.